ಎಂಜಿನ್ ಬಿಚ್ಚುವ ಮೊದಲು: ಮಲೆನಾಡಿನ ಹಳೆಯ ಪಿಕಪ್‌ನಲ್ಲಿ ದೋಷ ಪತ್ತೆ ಮಾಡುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಸೀಮೆಯ ತೋಟದ ಮನೆಗಳಲ್ಲಿ ಹತ್ತು ಹದಿನೈದು ವರ್ಷ ದಾಟಿದ ಡೀಸೆಲ್ ಪಿಕಪ್‌ಗಳು ಇಂದಿಗೂ ದಿನವೂ ದುಡಿಯುತ್ತಿವೆ. ಹಸಿ ಅಡಿಕೆ ಕೊನೆ, ಗೊಬ್ಬರ, ಸೊಪ್ಪು, ಶಿವಮೊಗ್ಗದ ಮಂಡಿಗೆ ಹೋಗುವ ಮೂಟೆ ಎಲ್ಲವನ್ನೂ ಹೊರುವ ಈ ಗಾಡಿ ಒಂದು ದಿನ ಹೊಗೆ ಉಗುಳತೊಡಗಿದರೆ ಅಥವಾ ಏರಿನಲ್ಲಿ ಎಳೆಯದೆ ನಿಂತರೆ, ಮೊದಲು ಕೇಳಿಬರುವ ಮಾತು 'ಎಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು' (ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಸರಿಮಾಡಿಸಬೇಕು) ಎಂಬುದು. ಬಹಳ ಸಲ ಅದು ಅವಸರದ ಮಾತು. ಹಳೆಯ ಎಂಜಿನ್‌ನ ತೊಂದರೆಗಳಲ್ಲಿ ಹೆಚ್ಚಿನವು ಎಂಜಿನ್ನಿನ ಹೊರಗೆ, ಅಂದರೆ ಅದಕ್ಕೆ ಗಾಳಿ, ಡೀಸೆಲ್, ನೀರು ಮತ್ತು ಕರೆಂಟು ಒದಗಿಸುವ ಭಾಗಗಳಲ್ಲಿ ಹುಟ್ಟುತ್ತವೆ. ಅವನ್ನು ಒಂದೊಂದಾಗಿ ಪರೀಕ್ಷಿಸಿ ಬದಿಗಿಟ್ಟ ಮೇಲಷ್ಟೇ ಒಳಗಿನ ಸವೆತದ ಬಗ್ಗೆ ತೀರ್ಮಾನಕ್ಕೆ ಬರಬೇಕು. ಆ ಪರೀಕ್ಷೆಗಳನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೀಟರ್ ತೋರಿಸುವ ಕಿಲೋಮೀಟರ್ ನೋಡಿ ಎಂಜಿನ್ನಿನ ಆಯಸ್ಸನ್ನು ಅಳೆಯಬಾರದು. ಬಯಲುಸೀಮೆಯ ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60 ಕಿ.ಮೀ. ವೇಗದಲ್ಲಿ ಮೂರು ಲಕ್ಷ ಕಿ.ಮೀ. ಓಡಿದ ಗಾಡಿಯ ಎಂಜಿನ್ ಸುಮಾರು 5,000 ಗಂಟೆ ತಿರುಗಿರುತ್ತದೆ. ನಮ್ಮ ತಿರುವು ರಸ್ತೆಗಳಲ್ಲಿ, ಎರಡನೇ ಮೂರನೇ ಗೇರಿನಲ್ಲಿ, ಗಂಟೆಗೆ 25 ಕಿ.ಮೀ. ಸರಾಸರಿಯಲ್ಲಿ ಅಷ್ಟೇ ದೂರ ಓಡಿದ ಗಾಡಿಯದು 12,000 ಗಂಟೆ ದುಡಿದ ಎಂಜಿನ್. ಬಯಲುಸೀಮೆಯ ಲೆಕ್ಕದಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಿಸುತ್ತ ಬಂದಿದ್ದರೆ ನಮ್ಮ ಎಂಜಿನ್ನಿಗೆ ಸಿಗಬೇಕಾದ ಆರೈಕೆಯ ಅರ್ಧವೂ ಸಿಕ್ಕಿರುವುದಿಲ್ಲ ಎಂಬುದನ್ನು ಮೊದಲೇ ಗಮನದಲ್ಲಿಡಬೇಕು.

ಮೊದಲು ಪಂಪ್ ಯಾವುದೆಂದು ತಿಳಿಯಿರಿ

ಬಾನೆಟ್ ಎತ್ತಿ ನೋಡಿ. ಯಾಂತ್ರಿಕ ಪಂಪ್ ಇರುವ ಹಳೆಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್‌ಗಳಲ್ಲಿ ಡೀಸೆಲ್ ಪಂಪ್‌ನಿಂದ ಪ್ರತಿ ಸಿಲಿಂಡರ್‌ನ ನಾಝಲ್‌ಗೂ (ಡೀಸೆಲ್ ಚಿಮ್ಮಿಸುವ ಮೂತಿಗೆ) ಒಂದೊಂದು ಉಕ್ಕಿನ ಪೈಪ್ ನೇರವಾಗಿ ಹೋಗಿರುತ್ತದೆ. ಕಾಮನ್ ರೇಲ್ ಎಂಜಿನ್ನಿನಲ್ಲಿ ಪಂಪ್‌ನಿಂದ ಹೊರಟ ಪೈಪ್ ಒಂದು ದಪ್ಪ ಕೊಳವೆಗೆ ಸೇರಿ, ಅಲ್ಲಿಂದ ನಾಝಲ್‌ಗಳಿಗೆ ಕವಲೊಡೆಯುತ್ತದೆ ಮತ್ತು ಪ್ರತಿ ನಾಝಲ್‌ನ ತಲೆಯ ಮೇಲೆ ವೈರಿನ ಸಾಕೆಟ್ ಇರುತ್ತದೆ. 2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಬಿಎಸ್ 4 (ವಾಹನಗಳ ಹೊಗೆ ಮಾಲಿನ್ಯದ ಮಾನದಂಡ) ಜಾರಿಗೆ ಬಂದ ನಂತರದ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಈ ಎರಡನೆಯ ವ್ಯವಸ್ಥೆಯೇ ಇದೆ.

ಈ ವ್ಯತ್ಯಾಸ ಪ್ರಾಣಕ್ಕೆ ಸಂಬಂಧಿಸಿದ್ದು. ಯಾಂತ್ರಿಕ ಪಂಪ್‌ನ ಎಂಜಿನ್ನಿನಲ್ಲಿ ಓಡುತ್ತಿರುವಾಗಲೇ ನಾಝಲ್ ಪೈಪಿನ ನಟ್ ಸಡಿಲಿಸಿ ಪರೀಕ್ಷಿಸುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ. ಕಾಮನ್ ರೇಲ್ ಎಂಜಿನ್ನಿನಲ್ಲಿ ಹಾಗೆ ಎಂದೂ ಮಾಡಬಾರದು. ಅಲ್ಲಿನ ಒತ್ತಡ 1,000 ಬಾರ್ ಮೀರುತ್ತದೆ. ಕೂದಲೆಳೆಯಷ್ಟು ಸೂಕ್ಷ್ಮವಾಗಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಮಾಂಸದೊಳಗೆ ಸೇರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾವುದೇ ಪಂಪ್ ಇರಲಿ, ಡೀಸೆಲ್ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕದೆ ಒಂದು ರಟ್ಟಿನ ತುಂಡನ್ನು ಹಿಡಿದು ಹುಡುಕಿ.

ಬೆಳಗಿನ ತಣ್ಣನೆಯ ಎಂಜಿನ್

ರಾತ್ರಿಯೆಲ್ಲ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವ ಮೊದಲಿನ ಹತ್ತು ನಿಮಿಷ ಅತ್ಯಂತ ಬೆಲೆಯುಳ್ಳದ್ದು, ಏಕೆಂದರೆ ಒಮ್ಮೆ ಎಂಜಿನ್ ಬಿಸಿಯಾದರೆ ಅನೇಕ ಕುರುಹುಗಳು ಅಳಿಸಿಹೋಗುತ್ತವೆ. ಗಾಡಿಯನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿರಬೇಕು. ಇಳಿಜಾರಿನಲ್ಲಿ ನಿಂತ ಗಾಡಿಯ ಆಯಿಲ್ ಕಡ್ಡಿ ಸರಿಯಾದ ಮಟ್ಟ ತೋರಿಸದು.

ಆಯಿಲ್ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ, ಮಟ್ಟವನ್ನು ಬರೆದಿಟ್ಟುಕೊಳ್ಳಿ. ಮಟ್ಟ ಕಡಿಮೆಯಾಗಿದ್ದರೆ ಆಯಿಲ್ ಎಲ್ಲಿಗೋ ಹೋಗುತ್ತಿದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಮಟ್ಟ ಏರಿದ್ದರೆ ಮಾತ್ರ ಕೆಲವರು ಸಮಾಧಾನಪಡುತ್ತಾರೆ. ನಿಜಕ್ಕೂ ಅದು ಹೆಚ್ಚಿನ ಅಪಾಯ. ಆಯಿಲ್ ಹಾಕದೆಯೇ ಮಟ್ಟ ಏರಿದರೆ ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್), ಡೀಸೆಲ್ ಪಂಪ್‌ನ ಸೀಲ್ ಅಥವಾ ನಾಝಲ್‌ನ ಕಡೆಯಿಂದ ಡೀಸೆಲ್ ಒಳಗೆ ಸೇರುತ್ತಿದೆ, ಇಲ್ಲವೇ ನೀರು ಸೇರುತ್ತಿದೆ ಎಂದರ್ಥ. ಕಡ್ಡಿಯನ್ನು ಮೂಸಿ ನೋಡಿ. ಡೀಸೆಲ್ ವಾಸನೆ ಬಂದು ಆಯಿಲ್ ನೀರಿನಂತೆ ತೆಳುವಾಗಿದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ತೆಳುವಾದ ಆಯಿಲ್‌ನಲ್ಲಿ ಬೇರಿಂಗುಗಳು ಬೇಗ ಹಾಳಾಗುತ್ತವೆ.

ಆಯಿಲ್ ಹಾಕುವ ಮುಚ್ಚಳದ ಒಳಭಾಗದಲ್ಲಿ ಹಾಲಿನ ಕೆನೆಯಂಥ ಲೇಪ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಹೋಗಿದೆ ಎಂದು ಹೆದರಿಸುವವರಿದ್ದಾರೆ. ಮಲೆನಾಡಿನ ಮಳೆಗಾಲದಲ್ಲಿ ಈ ಲಕ್ಷಣವನ್ನು ಬಿಡಿಯಾಗಿ ನಂಬಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು ತುಂಬಿರುತ್ತದೆ. ಮನೆಯಿಂದ ಡೇರಿಗೆ, ಡೇರಿಯಿಂದ ಅಂಗಡಿಗೆ ಎಂದು ನಾಲ್ಕೈದು ಕಿಲೋಮೀಟರ್ ಓಡುವ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಹಬೆಯಾಗಿ ಹೊರಹೋಗದೆ ಮುಚ್ಚಳದ ಕೆಳಗೆ ಆಯಿಲ್ ಜೊತೆ ಕಲೆತು ಕೆನೆಗಟ್ಟುತ್ತದೆ. ಮುಚ್ಚಳವನ್ನು ಒರೆಸಿ, ಗಾಡಿಯನ್ನು ಒಂದು ಸಲ ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗೆ ನಿಲ್ಲಿಸದೆ ಓಡಿಸಿ, ಮರುದಿನ ಮತ್ತೆ ನೋಡಿ. ಕೆನೆ ಮರಳದೆ, ಕಡ್ಡಿಯ ಆಯಿಲ್ ಸ್ವಚ್ಛವಾಗಿದ್ದು, ರೇಡಿಯೇಟರ್‌ನ ನೀರೂ ಇಳಿಯದಿದ್ದರೆ ಅದು ಬರೀ ತೇವ. ಕಡ್ಡಿಯ ಆಯಿಲ್ಲೇ ಬೆಳ್ಳಗಾಗಿ ರೇಡಿಯೇಟರ್‌ನ ನೀರೂ ಕಡಿಮೆಯಾಗುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಕಡೆ ಅನುಮಾನ ತಿರುಗಬೇಕು. ಆಯಿಲ್ ಕೂಲರ್ ಇರುವ ಎಂಜಿನ್ನಿನಲ್ಲಿ ಹೆಡ್ ಬಿಚ್ಚುವ ಮೊದಲು ಕೂಲರ್ ಪರೀಕ್ಷಿಸಿ ಎಂದು ಒತ್ತಾಯಿಸಿ. ಎರಡರ ಖರ್ಚಿಗೂ ಬಹಳ ಅಂತರವಿದೆ.

ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗಲೇ ತೆಗೆದು ನೀರಿನ ಮಟ್ಟವನ್ನೂ ಬಣ್ಣವನ್ನೂ ನೋಡಿ. ತುಕ್ಕಿನ ಕೆಂಪು ಬಣ್ಣ ಕಂಡರೆ ವರ್ಷಗಳಿಂದ ಕೂಲೆಂಟ್ ಬದಲು ಹಳ್ಳದ ನೀರನ್ನೇ ತುಂಬಿಸುತ್ತ ಬಂದಿದ್ದಾರೆ ಎಂದು ತಿಳಿಯಬಹುದು.

ಸ್ಟಾರ್ಟ್ ಆಗದಿದ್ದಾಗ

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸೆಲ್ಫ್ ನಿಧಾನವಾಗಿ, ನರಳುತ್ತ ತಿರುಗಿದರೆ ಅದು ಕರೆಂಟಿನ ತೊಂದರೆ. ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಅದು ಡೀಸೆಲ್, ಗಾಳಿ ಅಥವಾ ಕಂಪ್ರೆಷನ್ನಿನ (ಸಿಲಿಂಡರಿನಲ್ಲಿ ಗಾಳಿಯನ್ನು ಅದುಮುವ ಒತ್ತಡದ) ತೊಂದರೆ.

ಕರೆಂಟಿನ ವಿಷಯ ಬೇಗ ಮುಗಿಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು, ಎಂಜಿನ್ ಓಡುವಾಗ 13.8 ರಿಂದ 14.4ರ ಆಸುಪಾಸಿನಲ್ಲಿರಬೇಕು. ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ನಿಧಾನವಾದರೆ ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥಿಂಗ್ ಪಟ್ಟಿಯನ್ನು ನೋಡಿ. ನಮ್ಮ ಮಳೆಗೆ ಆ ಪಟ್ಟಿ ಬೋಲ್ಟಿನ ಬುಡದಲ್ಲಿ ಹಸಿರುಗಟ್ಟಿ ತುಂಡಾಗುವ ಹಂತ ತಲುಪಿರುತ್ತದೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಹಿಡಿದು ಸೆಲ್ಫ್ ಹೊಡೆಸಿದಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ದೋಷ ಆ ಪಟ್ಟಿಯಲ್ಲೇ ಇದೆ.

ಡೀಸೆಲ್ ಕಡೆಯ ದೋಷಗಳಲ್ಲಿ ಮಲೆನಾಡಿಗೆ ವಿಶೇಷವಾದವು ಎರಡು: ನೀರು ಮತ್ತು ಗಾಳಿ.

ನೀರನ್ನು ಪತ್ತೆ ಮಾಡಲು ಒಂದು ಸ್ವಚ್ಛವಾದ ಗಾಜಿನ ಬಾಟಲಿ ಸಾಕು. ಬೆಳಿಗ್ಗೆ ಗಾಡಿ ಅಲುಗಾಡುವ ಮೊದಲು ಡೀಸೆಲ್ ಫಿಲ್ಟರಿನ ಅಥವಾ ವಾಟರ್ ಸೆಪರೇಟರ್‌ನ ಕೆಳಗಿನ ತಿರುಪನ್ನು ಸಡಿಲಿಸಿ ಕಾಲು ಬಾಟಲಿಯಷ್ಟು ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ, ನೀರಿದ್ದಲ್ಲಿ ತಳದಲ್ಲಿ ಬೇರೆಯೇ ಪದರವಾಗಿ ನಿಂತಿರುತ್ತದೆ. ಎರಡರ ನಡುವಿನ ಗೆರೆ ಬಾಟಲಿಯನ್ನು ಓರೆ ಮಾಡಿದಾಗ ಸ್ಪಷ್ಟವಾಗಿ ಜರುಗುತ್ತದೆ. ಆ ಗೆರೆಯ ಬಳಿ ಕಪ್ಪು ಲೋಳೆ ತೇಲುತ್ತಿದ್ದರೆ ನೀರು ಟ್ಯಾಂಕಿನಲ್ಲಿ ಬಹಳ ಕಾಲದಿಂದಿದೆ ಮತ್ತು ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ ಎಂದರ್ಥ. ಆಗ ಫಿಲ್ಟರ್ ಮಾತ್ರ ಬದಲಿಸಿದರೆ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ; ಟ್ಯಾಂಕನ್ನೇ ಇಳಿಸಿ ತೊಳೆಸಬೇಕು. ಮಳೆಗಾಲದಲ್ಲಿ ಅರ್ಧ ಖಾಲಿಯಾದ ಟ್ಯಾಂಕಿನ ಒಳಗೋಡೆಯ ಮೇಲೆ ರಾತ್ರಿ ಇಬ್ಬನಿ ಕಟ್ಟುವುದರಿಂದ, ಸಂಜೆ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಿಡುವುದು ಒಳ್ಳೆಯ ಅಭ್ಯಾಸ.

ಗಾಳಿ ಹಿಡಿಯುವ ದೋಷವನ್ನು ಕಂಡುಹಿಡಿಯಲು ನಮ್ಮ ಇಳಿಜಾರು ಅಂಗಳಗಳೇ ನೆರವಾಗುತ್ತವೆ. ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಪೈಪಿನಲ್ಲಿ ಎಲ್ಲೋ ಸಣ್ಣ ಬಿರುಕಿದ್ದರೆ ಅಥವಾ ಡೀಸೆಲ್ ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಸವೆದಿದ್ದರೆ, ಮೂತಿ ಮೇಲಾಗಿ ನಿಂತ ಗಾಡಿಯ ಪೈಪಿನಲ್ಲಿದ್ದ ಡೀಸೆಲ್ ರಾತ್ರಿಯಿಡೀ ನಿಧಾನವಾಗಿ ಟ್ಯಾಂಕಿಗೆ ಇಳಿದುಹೋಗುತ್ತದೆ. ಬೆಳಿಗ್ಗೆ ಪ್ರೈಮರ್ (ಡೀಸೆಲ್ ಏರಿಸುವ ಕೈಪಂಪು) ಒತ್ತದೆ ಎಂಜಿನ್ ಹಿಡಿಯುವುದಿಲ್ಲ. ಆದ್ದರಿಂದ ಒಂದು ರಾತ್ರಿ ಮೂತಿ ಮೇಲಾಗಿ, ಮರು ರಾತ್ರಿ ಮೂತಿ ಕೆಳಗಾಗಿ, ಎರಡೂ ಸಲ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ ನೋಡಿ. ಮೂತಿ ಕೆಳಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗಿ, ಮೇಲಿದ್ದಾಗ ಕಾಡಿಸಿದರೆ ಕಂಪ್ರೆಷನ್ ಬಗ್ಗೆ ಚಿಂತೆ ಬಿಟ್ಟು ಪೈಪು, ಕ್ಲಿಪ್ಪು, ವಾಷರ್‌ಗಳನ್ನು ಹುಡುಕಿ. ಫಿಲ್ಟರಿಗೆ ಬರುವ ಕಡಿಮೆ ಒತ್ತಡದ ಪೈಪಿನ ನಡುವೆ ಡೀಸೆಲ್ ತಡೆದುಕೊಳ್ಳುವ ಪಾರದರ್ಶಕ ಹೋಸ್‌ನ ತುಂಡೊಂದನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆಗಳು ಹರಿಯುವುದು ಕಣ್ಣಿಗೇ ಕಾಣುತ್ತದೆ. ನೀರನ್ನೂ ಗಾಳಿಯನ್ನೂ ನಿವಾರಿಸಿದ ಮೇಲೂ, ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒಳಗನ್ನು ಕಾಯಿಸುವ ಪ್ಲಗ್) ಇರುವ ಎಂಜಿನ್ನಾದರೆ ಅದೂ ಸರಿಯಿದ್ದರೂ, ತಣ್ಣಗಿರುವಾಗ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿದ್ದರೆ ಮಾತ್ರ ಕಂಪ್ರೆಷನ್ ಕಡೆ ನೋಡಬೇಕು.

ಹೊಗೆ ಹೇಳುವುದು

ಹೊಗೆಯ ಬಣ್ಣವನ್ನಷ್ಟೇ ನೋಡಿದರೆ ಸಾಲದು. ಅದು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನೂ ಗಮನಿಸಬೇಕು. ಚಾಲಕನಿಗೆ ಹೊಗೆ ಸರಿಯಾಗಿ ಕಾಣದ ಕಾರಣ ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿಕೊಳ್ಳಿ.

ಕಪ್ಪು ಹೊಗೆ ಎಂದರೆ ಡೀಸೆಲ್ ಇದ್ದಷ್ಟು ಗಾಳಿ ಇಲ್ಲ. ಮೊದಲು ಏರ್ ಫಿಲ್ಟರಿನ ಡಬ್ಬ ತೆರೆಯಿರಿ. ಅಡಿಕೆ ದಾಸ್ತಾನಿನ ಪಕ್ಕ ನಿಲ್ಲುವ ಗಾಡಿಗಳಲ್ಲಿ ಇಲಿಗಳು ಈ ಡಬ್ಬದೊಳಗೆ ನಾರು, ಬಟ್ಟೆ ಚೂರು ತುಂಬಿ ಗೂಡು ಕಟ್ಟುತ್ತವೆ. ಮಳೆಯಲ್ಲಿ ನೆನೆದ ಕಾಗದದ ಫಿಲ್ಟರ್ ಉಬ್ಬಿ ಗಾಳಿಯ ದಾರಿಯನ್ನು ಅರ್ಧಕ್ಕರ್ಧ ಮುಚ್ಚಿಬಿಡುತ್ತದೆ. ಹೊಸನಗರದ ಕಡೆಯ ಪರಿಚಯದವರೊಬ್ಬರ ಪಿಕಪ್‌ಗೆ 'ಫುಲ್ ಎಂಜಿನ್ ಕೆಲಸ' ಎಂದು ಅಂದಾಜು ಕೊಟ್ಟಾಗಿತ್ತು. ಡಬ್ಬ ತೆರೆದಾಗ ಸಿಕ್ಕಿದ್ದು ಒಂದು ಹಿಡಿ ಅಡಿಕೆ ನಾರು ಮತ್ತು ಚಟ್ಟಾದ ಫಿಲ್ಟರ್. ಅದನ್ನು ಬದಲಿಸಿದ ಮೇಲೆ ಕಪ್ಪು ಹೊಗೆ ನಿಂತಿತು. ಫಿಲ್ಟರ್ ಚೆನ್ನಾಗಿದ್ದರೆ ಟರ್ಬೊದಿಂದ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಇಂಟರ್‌ಕೂಲರಿಗೆ (ಆ ಗಾಳಿಯನ್ನು ತಣಿಸುವ ಭಾಗ) ಹೋಗುವ ರಬ್ಬರ್ ಹೋಸ್‌ನ ಅಡಿಭಾಗವನ್ನು ಕನ್ನಡಿ ಹಿಡಿದು ನೋಡಿ. ಬಿರುಕಿದ್ದಲ್ಲಿ ಎಣ್ಣೆಯ ಜಿಡ್ಡು ಹರಡಿರುತ್ತದೆ. ಇವೆರಡೂ ಸರಿಯಿದ್ದರೆ ಸೋರುವ ನಾಝಲ್ ಅಥವಾ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಕಾರಣವಾಗಿರಬಹುದು.

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಮುದ್ದೆ ನೀಲಿ ಹೊಗೆ ಬಂದು ನಂತರ ನಿಂತರೆ ವಾಲ್ವ್ ಸೀಲ್ ಅಥವಾ ಗೈಡ್ ಸವೆದಿದೆ. ಅದು ಹೆಡ್ಡಿನ ಕೆಲಸ, ಬೋರಿನದಲ್ಲ. ಲೋಡ್ ಹಾಕಿ ಏರು ಹತ್ತುವಾಗ ನಿರಂತರವಾಗಿ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ ಕಾರಣ. ಬಹಳ ಹೊತ್ತು ಐಡ್ಲಿಂಗ್‌ನಲ್ಲಿ ನಿಂತು ಹೊರಟಾಗ ಮಾತ್ರ ಬಂದರೆ ಟರ್ಬೊ ಸೀಲಿನ ಮೇಲೆ ಅನುಮಾನ ಹೆಚ್ಚು. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹೊಗೆ ಬಂದರೆ ವಾಲ್ವ್ ಸೀಲ್ ಹೋಗಿದೆ ಎಂದು ಹೇಳುವವರಿದ್ದಾರೆ. ಪೆಟ್ರೋಲ್ ಎಂಜಿನ್ನಿಗೆ ಒಪ್ಪುವ ಈ ಪರೀಕ್ಷೆ ಹಳೆಯ ಡೀಸೆಲ್ ಎಂಜಿನ್ನಿಗೆ ಅಷ್ಟಾಗಿ ಒಪ್ಪುವುದಿಲ್ಲ, ಏಕೆಂದರೆ ಗಾಳಿಯನ್ನು ಅಡ್ಡಗಟ್ಟುವ ಥ್ರಾಟಲ್ ಇಲ್ಲದ ಕಾರಣ ಇಳಿಜಾರಿನಲ್ಲಿ ಆಯಿಲ್ ಎಳೆಯುವಷ್ಟು ನಿರ್ವಾತ ಅಲ್ಲಿ ಉಂಟಾಗುವುದಿಲ್ಲ.

ಬಿಳಿ ಹೊಗೆಯಲ್ಲಿ ಮೂರು ಬಗೆ. ಚಳಿಗಾಲದ ಬೆಳಿಗ್ಗೆ, ಮಂಜಿನ ನಡುವೆ, ಸೈಲೆನ್ಸರ್‌ನಿಂದ ಹೊರಟು ಒಂದೆರಡು ಅಡಿಯಲ್ಲೇ ಕರಗುವ ಬಿಳುಪು ಬರೀ ಹಬೆ. ಎಂಜಿನ್ ಬಿಸಿಯಾದಂತೆ ನಿಲ್ಲುತ್ತದೆ. ಕಣ್ಣು ಉರಿಸುವ, ಅಂಗಳದಲ್ಲೇ ಸುಳಿದಾಡುವ ಬಿಳಿ ಹೊಗೆ ಸುಡದ ಡೀಸೆಲ್. ನಾಝಲ್, ಟೈಮಿಂಗ್ ಅಥವಾ ಯಾವುದೋ ಒಂದು ಸಿಲಿಂಡರ್‌ನ ಕಂಪ್ರೆಷನ್ ಅದರ ಮೂಲ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆಯೊಂದಿಗೆ ದಟ್ಟವಾಗಿ ಬರುವ ಹಬೆ ಕೂಲೆಂಟ್ ಸುಡುತ್ತಿರುವುದರ ಗುರುತು.

ಹೊಗೆ ತಪಾಸಣೆಯ ಹಳೆಯ ಚೀಟಿಗಳನ್ನು ಎಸೆಯಬೇಡಿ. ಡೀಸೆಲ್ ಗಾಡಿಗಳಿಗೆ ಬಿಎಸ್ 4ಕ್ಕಿಂತ ಹಿಂದಿನ ಮಾದರಿಯಾದರೆ 65, ಬಿಎಸ್ 4 ಆದರೆ 50 ಎಚ್‌ಎಸ್‌ಯು (ಹೊಗೆಯ ದಟ್ಟತೆಯ ಅಳತೆ) ಮಿತಿ ಇದೆ. ಮಿತಿಯೊಳಗಿದ್ದರೂ ಅಂಕೆ ಚೀಟಿಯಿಂದ ಚೀಟಿಗೆ ಏರುತ್ತಾ ಬಂದಿದ್ದರೆ ಎಂಜಿನ್ ಎತ್ತ ಸಾಗುತ್ತಿದೆ ಎಂಬುದಕ್ಕೆ ಅದು ಪುಕ್ಕಟೆಯಾಗಿ ಸಿಕ್ಕ ದಾಖಲೆ.

ಏರಿನಲ್ಲಿ ಎಳೆಯದಿದ್ದಾಗ

ಹುಲಿಕಲ್ ಘಾಟಿಯನ್ನು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಈಗ ಎರಡನೆಯದಕ್ಕೆ ಇಳಿಯುತ್ತಿದ್ದರೆ, ಎಂಜಿನ್ನನ್ನು ದೂರುವ ಮೊದಲು ಬಲವನ್ನು ಬೇರೆ ಏನೋ ತಿನ್ನುತ್ತಿದೆಯೇ ಎಂದು ನೋಡಬೇಕು. ಹತ್ತು ಕಿಲೋಮೀಟರ್ ಆದಷ್ಟು ಬ್ರೇಕ್ ಬಳಸದೆ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬ್ರೇಕಿನ ಬಳಿ ಅಂಗೈ ತಂದು ಶಾಖ ಹೋಲಿಸಿ. ಒಂದು ಚಕ್ರ ಮಾತ್ರ ಕಾದಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿದೆ. ಮಳೆಗಾಲದ ಕೆಸರು ಮತ್ತು ತುಕ್ಕು ಹಿಡಿದ ಹ್ಯಾಂಡ್‌ಬ್ರೇಕ್ ಕೇಬಲ್ ಇಲ್ಲಿ ಸಾಮಾನ್ಯ. ನಂತರ ಕ್ಲಚ್: ಲೋಡಿನಲ್ಲಿ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಪೆಡಲ್ ಪೂರ್ತಿ ಒತ್ತಿದಾಗ ಪಂಪ್‌ನ ಲಿವರ್ ಕೊನೆಯವರೆಗೆ ಹೋಗುತ್ತದೆಯೇ ಎಂದೂ ನೋಡಿ. ಹಿಗ್ಗಿದ ಕೇಬಲ್ ಬಹಳ ಗಾಡಿಗಳ ಶಕ್ತಿಯನ್ನು ಸದ್ದಿಲ್ಲದೆ ಕಸಿದಿರುತ್ತದೆ.

ಏರಿನ ಅರ್ಧದಲ್ಲಿ ಗಾಡಿ ಸೋತು, ಸ್ವಲ್ಪ ಹೊತ್ತು ನಿಂತರೆ ಮತ್ತೆ ಹುರುಪು ಪಡೆದರೆ ಡೀಸೆಲ್ ಸಾಕಷ್ಟು ಬರುತ್ತಿಲ್ಲ. ಸೋತ ಜಾಗದಲ್ಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಕೇಳಿದರೆ ಮುಚ್ಚಳದ ಗಾಳಿರಂಧ್ರ ಮಣ್ಣಿನಿಂದ ಮುಚ್ಚಿದೆ. ಸದ್ದಿಲ್ಲದಿದ್ದರೆ ಫಿಲ್ಟರ್, ನಂತರ ಫೀಡ್ ಪಂಪ್‌ನ ಜಾಲರಿ.

ಟರ್ಬೊ ಇರುವ ಗಾಡಿಯಲ್ಲಿ ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಏರ್ ಫಿಲ್ಟರ್ ಕಡೆಯ ಹೋಸ್ ತೆಗೆದು ಟರ್ಬೊದ ಶಾಫ್ಟನ್ನು ಬೆರಳಿನಿಂದ ಅಲುಗಿಸಿ. ಅಕ್ಕಪಕ್ಕಕ್ಕೆ ತುಸು ಆಟ ಸಹಜ. ಹಿಂದೆ ಮುಂದೆ ಜರುಗಿದರೆ ಅಥವಾ ರೆಕ್ಕೆ ಗೋಡೆಗೆ ತಾಗಿದ ಗೆರೆ ಇದ್ದರೆ ಟರ್ಬೊ ಮುಗಿದಿದೆ.

ಅತಿಯಾಗಿ ಕಾಯುವ ಎಂಜಿನ್

ಎಂಜಿನ್ ಎಲ್ಲಿ ಕಾಯುತ್ತದೆ ಎಂಬುದರಿಂದ ಕಾರಣವನ್ನು ಊಹಿಸಬಹುದು. ನಿಂತಲ್ಲಿ ಕಾದು, ಓಡುವಾಗ ತಣ್ಣಗಾದರೆ ಫ್ಯಾನ್ ಅಥವಾ ಬೆಲ್ಟ್. ಓಡುವಾಗ, ಅದರಲ್ಲೂ ಲೋಡಿನಲ್ಲಿ ಏರು ಹತ್ತುವಾಗ ಕಾದರೆ ರೇಡಿಯೇಟರ್. ರೇಡಿಯೇಟರಿನ ರೆಕ್ಕೆಗಳ ನಡುವೆ ತರಗೆಲೆ, ಹುಳು, ಒಣಗಿದ ಕೆಸರು ತುಂಬಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ ಕಡಿಮೆ ಒತ್ತಡದ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ರೆಕ್ಕೆಗಳನ್ನು ಮಡಚಿಬಿಡುತ್ತದೆ.

ಥರ್ಮೋಸ್ಟಾಟನ್ನು ತೆಗೆದು ಎಸೆಯುವ ಪದ್ಧತಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅದಿಲ್ಲದ ಎಂಜಿನ್ ಸರಿಯಾದ ಶಾಖಕ್ಕೆ ಬರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಆಯಿಲ್‌ನಲ್ಲಿ ತೇವ ಉಳಿಸಿಕೊಳ್ಳುತ್ತದೆ, ಬೋರ್ ಬೇಗ ಸವೆಯುತ್ತದೆ. ಅನುಮಾನವಿದ್ದರೆ ಬಿಚ್ಚಿ, ಪಾತ್ರೆಯ ನೀರಿನಲ್ಲಿ ದಾರದಿಂದ ತೂಗುಬಿಟ್ಟು ಕಾಯಿಸಿ. ಅದರ ಮೇಲೆ ಕೆತ್ತಿರುವ ಶಾಖದ (ಸಾಮಾನ್ಯವಾಗಿ 82 ಡಿಗ್ರಿ ಆಸುಪಾಸು) ಹೊತ್ತಿಗೆ ಅದು ತೆರೆಯತೊಡಗಬೇಕು. ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿರಬೇಕು.

ಹೆಡ್ ಗ್ಯಾಸ್ಕೆಟ್ಟಿನ ಪರೀಕ್ಷೆಯನ್ನು ತಣ್ಣನೆಯ ಎಂಜಿನ್ನಿನಲ್ಲಿ ಮಾಡಬೇಕು. ರೇಡಿಯೇಟರ್ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ, ಮೇಲಿನ ಹೋಸನ್ನು ಹಿಂಡುತ್ತಿರಿ. ನೀರು ಇನ್ನೂ ಬಿಸಿಯಾಗದಿರುವಾಗಲೇ, ಒಂದೆರಡು ನಿಮಿಷದಲ್ಲಿ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರ್‌ನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಹಿಂದಿನ ದಿನ ಓಡಿದ ಗಾಡಿಯ ಹೋಸ್ ಬೆಳಿಗ್ಗೆಯೂ ಬಿಗಿದುಕೊಂಡಿದ್ದರೆ ಅದೂ ಇದೇ ಮಾತನ್ನು ಹೇಳುತ್ತದೆ. ಕಾದ ಎಂಜಿನ್ನಿನ ಮುಚ್ಚಳ ತೆರೆಯಬೇಡಿ, ಅದರ ಮೇಲೆ ಹಳ್ಳದ ತಣ್ಣೀರು ಸುರಿಯಬೇಡಿ. ಹೆಡ್ ಬಿರುಕು ಬಿಡಬಹುದು.

ಸದ್ದು

ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಬಳಿಯ ಮೂಳೆಗೆ ಒತ್ತಿ, ತುದಿಯನ್ನು ಎಂಜಿನ್ನಿನ ಬೇರೆ ಬೇರೆ ಕಡೆ ತಾಗಿಸುತ್ತ ಹೋದರೆ ಸದ್ದಿನ ಮೂಲ ಸಿಗುತ್ತದೆ. ಮಫ್ಲರು, ಶಾಲು, ಸಡಿಲ ತೋಳುಗಳನ್ನು ಬೆಲ್ಟಿನಿಂದ ದೂರವಿಡಿ. ಮೇಲ್ಭಾಗದಲ್ಲಿ ಹಗುರವಾದ ಟಿಕ್ ಟಿಕ್ ಕೇಳಿದರೆ ಟ್ಯಾಪೆಟ್ (ವಾಲ್ವನ್ನು ತೆರೆಯುವ ಭಾಗ). ತಣ್ಣಗಿರುವಾಗ ಬಡಿದು ಬಿಸಿಯಾದಂತೆ ತಗ್ಗಿದರೆ ಪಿಸ್ಟನ್ ಸವೆತ. ಅದರೊಂದಿಗೆ ಬಹಳ ಕಾಲ ಗಾಡಿ ಓಡಿಸಬಹುದು. ಬುಡದಿಂದ ಬರುವ, ಲೋಡ್ ಬಿದ್ದಾಗ ಜೋರಾಗುವ ಗಟ್ಟಿ ಬಡಿತ ಬೇರಿಂಗಿನದು. ಆಗ ಒಂದು ಕಿಲೋಮೀಟರ್ ಕೂಡ ಓಡಿಸದೆ ಎಳೆಸಿಕೊಂಡು ಹೋಗಬೇಕು. ಬೆಲ್ಟ್ ಬಿಚ್ಚಿ ಒಂದು ನಿಮಿಷದ ಮಟ್ಟಿಗೆ ಓಡಿಸಿದಾಗ ಸದ್ದು ನಿಂತರೆ ವಾಟರ್ ಪಂಪ್ ಅಥವಾ ಆಲ್ಟರ್ನೇಟರಿನ ಬೇರಿಂಗ್ ಹೋಗಿದೆ. ಗಾಡಿಯೇ ನಡುಗಿದಂತೆನಿಸಿದರೆ ಎಂಜಿನ್ ಫೌಂಡೇಷನ್ ರಬ್ಬರುಗಳನ್ನು ನೋಡಲು ಮರೆಯಬೇಡಿ.

ಯಾಂತ್ರಿಕ ಪಂಪ್‌ನ ಎಂಜಿನ್ ಒಂದು ಕಾಲು ಕುಂಟುವ ಎತ್ತಿನಂತೆ ಓಡುತ್ತಿದ್ದರೆ ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂದು ಹೀಗೆ ತಿಳಿಯಬಹುದು. ಕನ್ನಡಕ ಧರಿಸಿ, ಐಡ್ಲಿಂಗ್‌ನಲ್ಲಿ ಒಂದು ನಾಝಲ್ ಪೈಪಿನ ನಟ್ಟಿಗೆ ದಪ್ಪ ಬಟ್ಟೆ ಸುತ್ತಿ, ಸ್ಪ್ಯಾನರಿನಿಂದ ತುಸು ಸಡಿಲಿಸಿ ಮತ್ತೆ ಬಿಗಿಯಿರಿ. ಸಡಿಲಿಸಿದಾಗ ಎಂಜಿನ್ ತಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಬದಲಾವಣೆಯೇ ಇಲ್ಲದಿದ್ದರೆ ಅದೇ ಸೋಮಾರಿ. ಎಂಜಿನ್ ನಿಲ್ಲಿಸಿ ಅದರ ನಾಝಲನ್ನು ಪಕ್ಕದ ಸಿಲಿಂಡರಿನೊಂದಿಗೆ ಅದಲುಬದಲು ಮಾಡಿಸಿ ಮತ್ತೆ ಪರೀಕ್ಷಿಸಿ. ದೋಷ ನಾಝಲ್ ಜೊತೆ ಹೋದರೆ ನಾಝಲ್ ಕ್ಯಾಲಿಬ್ರೇಷನ್ (ಪರೀಕ್ಷಿಸಿ ಅಳತೆ ಹೊಂದಿಸುವುದು) ಸಾಕು. ದೋಷ ಅಲ್ಲೇ ಉಳಿದರೆ ಆ ಸಿಲಿಂಡರ್‌ನ ಕಂಪ್ರೆಷನ್ ಕುಸಿದಿದೆ. ಕಾಮನ್ ರೇಲ್ ಗಾಡಿಯಲ್ಲಿ ಇದೇ ಪ್ರಶ್ನೆಗೆ ಸ್ಕ್ಯಾನರ್ ಮತ್ತು ರಿಟರ್ನ್ ಪರೀಕ್ಷೆ ಉತ್ತರ ಕೊಡುತ್ತವೆ: ಗ್ಯಾರೇಜಿನವರು ಪ್ರತಿ ನಾಝಲ್‌ನ ರಿಟರ್ನ್ ಪೈಪಿಗೂ ಒಂದೇ ಅಳತೆಯ ಬಾಟಲಿ ಜೋಡಿಸಿ ಕೆಲವು ನಿಮಿಷ ಓಡಿಸಿದಾಗ, ಉಳಿದವಕ್ಕಿಂತ ಬಹಳ ಬೇಗ ತುಂಬುವ ಬಾಟಲಿಯ ನಾಝಲ್ ಒಳಗೆ ಸವೆದಿರುತ್ತದೆ. ಸ್ಕ್ಯಾನರ್ ಕೊಡುವ ಕೋಡನ್ನು ಭಾಗದ ಹೆಸರೆಂದು ತಿಳಿದು ಆ ಭಾಗ ಕೊಂಡುತರಬಾರದು. 'ರೇಲ್ ಪ್ರೆಷರ್ ಕಡಿಮೆ' ಎಂಬ ಕೋಡಿಗೆ ಕಟ್ಟಿದ ಫಿಲ್ಟರ್, ಗಾಳಿ ಎಳೆಯುವ ಪೈಪ್, ಸೋರುವ ನಾಝಲ್, ಇಲಿ ಕಡಿದ ವೈರ್, ನಿಜವಾಗಿ ಸೋತ ಪಂಪ್ ಇವುಗಳಲ್ಲಿ ಯಾವುದೂ ಕಾರಣವಾಗಬಹುದು, ಮತ್ತು ಪಂಪ್ ಇವುಗಳಲ್ಲಿ ಅತ್ಯಂತ ದುಬಾರಿಯದು.

ಒಳಗಿನ ಸವೆತವನ್ನು ಅಳೆಯುವುದು

ಇಷ್ಟರ ನಂತರವೂ ತೊಂದರೆ ಉಳಿದಿದ್ದರೆ ಒಳಗಿನ ಸವೆತವನ್ನು ಅಳತೆಯಿಂದ ತಿಳಿಯಬೇಕು, ಕಿವಿಮಾತಿನಿಂದಲ್ಲ.

ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಮುಚ್ಚಳವನ್ನು ತಿರುಗಿಸಿ ತೆಗೆದು, ಬಾಯಿಯ ಮೇಲೆ ಸಡಿಲವಾಗಿ ಇಡಿ. ತುಸು ಅಲುಗಾಡುವುದು ಹಳೆಯ ಎಂಜಿನ್ನಿನಲ್ಲಿ ಸಹಜ. ಮುಚ್ಚಳ ಹಾರಿ ಬಿದ್ದು, ಬಾಯಿಯಿಂದ ಹೊಗೆ ಭುಸಭುಸನೆ ನುಗ್ಗಿದರೆ ರಿಂಗ್‌ಗಳು ಗ್ಯಾಸನ್ನು ಕೆಳಗೆ ಬಿಡುತ್ತಿವೆ. ಆದರೆ ಬ್ರೀದರ್ ಪೈಪ್ (ಎಂಜಿನ್ನಿನೊಳಗಿನ ಗ್ಯಾಸನ್ನು ಹೊರಬಿಡುವ ಪೈಪ್) ಕಟ್ಟಿಕೊಂಡಿದ್ದರೂ ಇದೇ ರೀತಿ ಕಾಣುವುದರಿಂದ ಆ ಪೈಪನ್ನು ಮೊದಲು ಸ್ವಚ್ಛಮಾಡಿ ನೋಡಬೇಕು.

ಆಯಿಲ್ ಪ್ರೆಷರ್ ದೀಪ ಮಿನುಗಿದರೆ ಎಂಜಿನ್ ನಿಲ್ಲಿಸಿ, ಆಯಿಲ್ ಮಟ್ಟ ನೋಡಿ, ಸ್ವಿಚ್ಚಿನ ಜಾಗದಲ್ಲಿ ಗೇಜ್ ಜೋಡಿಸಿ ಅಳೆಸಿ. ಹಳೆಯ ಗಾಡಿಗಳಲ್ಲಿ ಸ್ವಿಚ್ಚೇ ಸುಳ್ಳು ಹೇಳುವುದುಂಟು. ಬಿಸಿ ಎಂಜಿನ್ನಿನಲ್ಲಿ ಪ್ರತಿ 1,000 ಆರ್‌ಪಿಎಂಗೆ ಸುಮಾರು 0.7 ಬಾರ್ ಎಂಬುದು ಮೆಕ್ಯಾನಿಕ್‌ಗಳ ಸ್ಥೂಲ ಲೆಕ್ಕ. ಕಂಪ್ರೆಷನ್ ಗೇಜ್ ಇಟ್ಟಾಗ ಆರೋಗ್ಯವಂತ ಡೀಸೆಲ್ ಎಂಜಿನ್ ಸಾಮಾನ್ಯವಾಗಿ 25 ರಿಂದ 30 ಬಾರ್ ತೋರಿಸುತ್ತದೆ. ನಿಮ್ಮ ಎಂಜಿನ್ನಿನ ಖಚಿತ ಅಂಕೆಯನ್ನು ಕಂಪನಿಯ ಕೈಪಿಡಿಯಲ್ಲಿ ನೋಡಬೇಕು. ನಾಲ್ಕೂ ಸಿಲಿಂಡರ್ ಸಮನಾಗಿ ತುಸು ಕಡಿಮೆಯಿದ್ದರೆ ಅದು ವಯಸ್ಸು, ಇನ್ನೂ ಕೆಲಕಾಲ ಓಡುತ್ತದೆ. ಮೂರು ಸರಿಯಿದ್ದು ಒಂದು ಕುಸಿದಿದ್ದರೆ ಅಲ್ಲಿ ನಿರ್ದಿಷ್ಟ ದೋಷವಿದೆ. ಆ ಸಿಲಿಂಡರ್‌ನ ಪಿಸ್ಟನ್ನನ್ನು ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ಮೇಲಕ್ಕೆ ತಂದು, ಗಾಡಿ ಉರುಳದಂತೆ ಮಾಡಿ, ನಾಝಲ್ ರಂಧ್ರದಿಂದ ಕಂಪ್ರೆಸರ್ ಗಾಳಿ ಬಿಡಿಸಿ ಕಿವಿಗೊಡಿ. ಸೈಲೆನ್ಸರ್‌ನಲ್ಲಿ ಗಾಳಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಲೆಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಕೇಳಿದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಮೊದಲೆರಡಕ್ಕೆ ಮತ್ತು ಕೊನೆಯದಕ್ಕೆ ಹೆಡ್ ಬಿಚ್ಚಿದರೆ ಸಾಕು, ಎಂಜಿನ್ ಇಳಿಸುವ ಅಗತ್ಯವಿಲ್ಲ.

ಆಯಿಲ್ ಖರ್ಚನ್ನೂ ಇದರ ಜೊತೆಗೆ ತೂಗಿನೋಡಿ. ಹೊರಗೆ ಸೋರಿಕೆಯಿಲ್ಲದೆ 1,000 ಕಿ.ಮೀ.ಗೆ ಅರ್ಧ ಲೀಟರ್ ಬೇಡುವ ಹಳೆಯ ಎಂಜಿನ್ನಿಗೆ ಆಯಿಲ್ ಹಾಕುತ್ತ ಓಡಿಸುವುದೇ ಅಗ್ಗ. ಒಂದು ಲೀಟರ್ ಮೀರಿ, ಮುಚ್ಚಳದ ಪರೀಕ್ಷೆಯೂ ಕಂಪ್ರೆಷನ್ ಅಂಕೆಯೂ ಒಂದೇ ಮಾತು ಹೇಳಿದರೆ ಎಂಜಿನ್ ಇಳಿಸುವ ಕಾಲ ಬಂದಿದೆ.

ಒಂದು ಅಪಾಯವನ್ನು ಮಾತ್ರ ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ತಿಳಿಸಿಡಿ. ಟರ್ಬೊ ಸೀಲ್ ಒಡೆದು ಅಥವಾ ಆಯಿಲ್ ಮಟ್ಟ ಹೆಚ್ಚಾಗಿ ಎಂಜಿನ್ ತನ್ನ ಆಯಿಲ್ಲನ್ನೇ ಸುಡತೊಡಗಿದರೆ, ಕೀ ತೆಗೆದರೂ ನಿಲ್ಲದೆ ಅದರ ವೇಗ ಏರುತ್ತಲೇ ಹೋಗುತ್ತದೆ. ಆಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಕೊನೆಯ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಕಟ್ಟಿನಿಲ್ಲಿಸಬೇಕು. ಅದು ಆಗದಿದ್ದರೆ ಗಾಡಿಯಿಂದ ಎಲ್ಲರೂ ದೂರ ಸರಿಯಬೇಕು. ಗಾಳಿಯ ಬಾಯಿಗೆ ಕೈ ಅಡ್ಡ ಹಿಡಿಯಬಾರದು.

ಗ್ಯಾರೇಜಿಗೆ ಹೋದಾಗ

ಶಿವಮೊಗ್ಗದ ಸಾಗರ ರಸ್ತೆಯ ಕಡೆಯ ಗ್ಯಾರೇಜುಗಳಿಗೆ ಹೋಗುವಾಗ 'ಪಿಕಪ್ ಇಲ್ಲ, ನೋಡಿ' ಎಂದಷ್ಟೇ ಹೇಳದೆ, ಮೇಲಿನ ಪರೀಕ್ಷೆಗಳಲ್ಲಿ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಹೊಗೆ ಯಾವಾಗ, ಯಾವ ಬಣ್ಣ; ಆಯಿಲ್ ಎಷ್ಟು ಕಿಲೋಮೀಟರಿಗೆ ಎಷ್ಟು; ಯಾವ ಏರಿನಲ್ಲಿ, ಎಷ್ಟು ಲೋಡಿನಲ್ಲಿ ಸೋಲುತ್ತದೆ. ಒಳ್ಳೆಯ ಮೆಕ್ಯಾನಿಕ್‌ಗೆ ಇದರಿಂದ ಅರ್ಧ ದಿನ ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಲು ಹೇಳಿ, ಪ್ರತಿ ಸಲವೂ ಅದೇ ಏರಿನಲ್ಲಿ ಅದೇ ಲೋಡಿನಲ್ಲಿ ಓಡಿಸಿ ನೋಡಿ. ನಾಲ್ಕು ಭಾಗ ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವುದರಿಂದ ಎಂಬುದು ತಿಳಿಯುವುದಿಲ್ಲ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

ಎಂಜಿನ್ ಬಿಚ್ಚಲೇಬೇಕೆಂದಾದರೆ, ಬೋರನ್ನು ಡಯಲ್ ಗೇಜಿನಿಂದ ಅಳೆಯುವಾಗ ಎದುರಿಗಿದ್ದು ಮೇಲೆ, ನಡುವೆ, ಕೆಳಗೆ ಬಂದ ಅಂಕೆಗಳನ್ನು ಬರೆದುಕೊಳ್ಳಿ. ಸವೆತ ಮಿತಿಯೊಳಗಿದ್ದರೆ ರಿಂಗ್ ಬದಲಿಸಿದರೆ ಸಾಕಾಗಬಹುದು. ಎಂಜಿನ್ ಹಾಳಾದ ಕಾರಣವನ್ನೂ ಆಗಲೇ ಸರಿಪಡಿಸಿಕೊಳ್ಳಬೇಕು: ರೇಡಿಯೇಟರನ್ನು ಒಳಗಿನಿಂದ ತೊಳೆಸಿ, ಆಯಿಲ್ ಕೂಲರನ್ನು ಸ್ವಚ್ಛಮಾಡಿಸಿ, ನಾಝಲ್‌ಗಳನ್ನು ಕ್ಯಾಲಿಬ್ರೇಷನ್ನಿಗೆ ಕಳಿಸಿ, ಏರ್ ಫಿಲ್ಟರಿನ ಡಬ್ಬದ ರಬ್ಬರನ್ನು ಹೊಸದು ಹಾಕಿಸಿ. ಸೋರುವ ನಾಝಲ್ ಮತ್ತು ಧೂಳು ನುಗ್ಗುವ ಡಬ್ಬ ಹಾಗೆಯೇ ಉಳಿದರೆ ಹೊಸ ಬೋರ್ ಕೂಡ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಜೋಡಿಸಿದ ಮೇಲೆ ಮೊದಲ ಸಾವಿರ ಕಿಲೋಮೀಟರ್ ಅರ್ಧ ಲೋಡಿನಲ್ಲೇ ಓಡಿಸಿ, ಘಾಟಿಗೆ ಒಯ್ಯದೆ, ಆಯಿಲ್ ಮತ್ತು ಆಯಿಲ್ ಫಿಲ್ಟರನ್ನು ಆಗ ಒಮ್ಮೆ ಬದಲಿಸಿ, ಅದೇ ಸಮಯದಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಮತ್ತೆ ನೋಡಿಸಿಕೊಳ್ಳಬೇಕು.